ಅಮ್ಮ ಬಾಯಿಬಿಟ್ಟು ಬೇಡಿಕೊಂಡ ಗುರುವಾರ

ನಾನು ಚಿಕ್ಕವಳಿದ್ದಾಗ ಬಳ್ಳಾರಿಯ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟೇ ಇದ್ದವು. ಚರ್ಚು ದೂರ. ಅದಕ್ಕೇ ಪ್ರತಿ ಗುರುವಾರ ಸಂಜೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ ಸೇರುತ್ತಿದ್ದೆವು. ಈಗ ಹೇಳುವ ಗುರುವಾರ ನಮ್ಮ ಮನೆಯ ಸರದಿ. ಅಪ್ಪ ತನ್ನ ಹೊಲಿಗೆ ಮಷಿನ್ನನ್ನು ಗೋಡೆಗೆ ಸರಿಸಿ, ದಾರದ ಚೂರುಗಳನ್ನು ಗುಡಿಸಿ ಚಾಪೆ ಹಾಸಿದ. ಪಕ್ಕದ ಮನೆಯ ಸಾಬರ ಚಾಚಿ ತಮ್ಮ ಚಾಪೆಯನ್ನೂ ತಂದುಕೊಟ್ಟು, "ಎಲ್ಲಾ ಚಲೋದಾಗ್ಲಿ" ಎಂದು ಹೋದರು.

ಸುಳ್ಳೇಕೆ ಹೇಳಲಿ, ನಮಗೆ ಹುಡುಗರಿಗೆ ಪ್ರಾರ್ಥನೆಗಿಂತ ಆಮೇಲಿನ ಒಗ್ಗರಣೆ ಹಾಕಿದ ಮಂಡಾಳಿನ, ಅಂದರೆ ಮಂಡಕ್ಕಿಯ ಮೇಲೇ ಕಣ್ಣು. ಅಂದು ಒಳಗಿನಿಂದ ಹಸಿಮೆಣಸಿನಕಾಯಿ, ಕರಿಬೇವು ಸಿಡಿದ ಘಾಟು ಬರುತ್ತಿತ್ತು. ಆದರೆ ಅಮ್ಮ ಒಲೆ ಬಿಟ್ಟು ಮತ್ತೆ ಮತ್ತೆ ಬಾಗಿಲಿಗೆ ಬಂದು ನೋಡುತ್ತಿದ್ದಳು. ಸಿರುಗುಪ್ಪದಿಂದ ಒಬ್ಬ ಹೆಂಗಸು ಬರುವವರಿದ್ದರು. ಅವರ ಮಗನಿಗೆ ನಮ್ಮ ಅಕ್ಕನನ್ನು ಕೇಳುವ ಮಾತು ನಡೆದಿತ್ತು. ನೆಟ್ಟಗೆ ಹೆಣ್ಣು ನೋಡಲು ಬಂದು ಒಲ್ಲೆ ಎಂದರೆ ಹುಡುಗಿಗೆ ಅವಮಾನವಲ್ಲವೇ? ಹಾಗಾಗಿ ಮೊದಲು ಪ್ರಾರ್ಥನೆಗೆ ಬಂದವರಂತೆ ಬಂದು, ಸುಮ್ಮನೆ ಕೂತು ನೋಡಿ ಹೋಗುವುದು ನಮ್ಮವರಲ್ಲಿ ರೂಢಿ. ಆ ಹುಡುಗನನ್ನು ಅಕ್ಕ ಕ್ರಿಸ್‌ಮಸ್ ಹಬ್ಬದಲ್ಲಿ ಕಂಡಿದ್ದಳು, ಮನಸ್ಸಿಗೂ ಬಂದಿದ್ದ. ಬೆಳಗಿನಿಂದ ಸುಮ್ಮಸುಮ್ಮನೆ ನಗುತ್ತಿದ್ದಳು.

ಅಕ್ಕನಿಗೆ ಆಗಾಗ ಮೂರ್ಛೆ ಬರುತ್ತಿತ್ತು. ಓಣಿಗೆಲ್ಲ ಗೊತ್ತು. ಆದರೆ ನಲ್ಲಿಯ ನೀರಿಗೆ ಜಡೆ ಹಿಡಿದು ಜಗಳಾಡುವವರೂ ಇದೊಂದು ಮಾತನ್ನು ಹೊರಗಿನವರ ಮುಂದೆ ಆಡಿರಲಿಲ್ಲ.

"ಇವತ್ತು ಬಾಯಿ ಬಿಡಬ್ಯಾಡ," ಎಂದು ಅಪ್ಪ ಅಮ್ಮನಿಗೆ ಹೇಳಿದ. "ಮೊದಲು ಅವ್ರು ಹುಡಿಗಿನ್ನ ನೋಡ್ಲಿ, ಮನಸ್ಸಿಗೆ ಬರ್ಲಿ. ಆಮ್ಯಾಲೆ ನಾನ ಕುಂತು ಎಲ್ಲಾ ಹೇಳ್ತೀನಿ."

"ನನಗೇನು ಹುಚ್ಚು ಹಿಡದೈತೇನ್ರಿ?" ಎಂದಳು ಅಮ್ಮ.

ಆ ಹೆಂಗಸು ಬಂದರು, ಕೂತರು. ಅಕ್ಕ ಬೈಬಲ್ ಓದಿದಳು. ಅಕ್ಕನ ಧ್ವನಿ ಕೇಳಿದರೆ ಅಳುವ ಕೂಸೂ ಸುಮ್ಮನಾಗುತ್ತಿತ್ತು. "ಎಷ್ಟ್ ಚಂದ ಓದ್ತಾಳ್ರಿ!" ಎಂದು ಆ ಹೆಂಗಸು ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ನನಗೋ, ಮದುವೆ ಊಟವೇ ಎದುರಿಗೆ ಬಂದಷ್ಟು ಖುಷಿ.

ಆಮೇಲೆ ಬೇಡಿಕೆಗಳ ಸರದಿ. ಎಲ್ಲರೂ ಕಣ್ಣು ಮುಚ್ಚಬೇಕು. ಒಬ್ಬೊಬ್ಬರೇ ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಬೇಕು. ಉಳಿದವರು ಒಟ್ಟಿಗೆ "ಪ್ರಭುವೇ, ನಮ್ಮ ಮೊರೆ ಆಲಿಸು" ಎನ್ನಬೇಕು. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರ ಗಂಡನಿಗೆ ಕುಡಿತ. ಸಿರುಗುಪ್ಪದವರು, "ನನ್ನ ಮಗಗ ಗುಣವಂತಿ ಹುಡಿಗಿ ಸಿಗ್ಲಿ ತಂದೆ," ಎಂದರು. ಆಮೇಲೆ ಅಮ್ಮ. ಎಷ್ಟೋ ವರ್ಷಗಳಿಂದ ಪ್ರತಿ ಗುರುವಾರ ಅಮ್ಮ ಬೇಡುತ್ತಿದ್ದುದು ಒಂದನ್ನೇ. ಕಣ್ಣು ಮುಚ್ಚಿ ಕೈ ಜೋಡಿಸಿದ ಕೂಡಲೇ ಅವಳಿಗೆ ಎದುರಿಗೆ ಯಾರಿದ್ದಾರೆ ಎಂಬುದೇ ಮರೆತುಹೋಯಿತು.

"ತಂದೆ, ನನ್ನ ಮಗಳ ಮೂರ್ಛಿ ಬಿಡಿಸಪ್ಪಾ. ಗಂಡನ ಮನಿಗೆ ಹೋಗೂದ್ರೊಳಗ ಬಿಡಿಸಪ್ಪಾ!"

"ಪ್ರಭುವೇ, ನಮ್ಮ ಮೊರೆ ಆಲಿಸು," ಎಂದರು ಕೂತವರೆಲ್ಲ, ಅಭ್ಯಾಸಬಲದಿಂದ.

ನಾನು ಕಣ್ಣು ತೆರೆದೆ. ಸಿರುಗುಪ್ಪದವರ ಕಣ್ಣೂ ತೆರೆದಿತ್ತು. ಅಕ್ಕ ಬೈಬಲ್ಲನ್ನು ಎದೆಗೆ ಅವುಚಿಕೊಂಡು ನೆಲ ನೋಡುತ್ತಿದ್ದಳು.

"ಅದು ಸಣ್ಣಾಕಿ ಇದ್ದಾಗ ಬರ್ತಿತ್ರಿ, ಈಗಿಲ್ಲ," ಎಂದು ಹಿಂದಿನ ಮನೆಯವರು ಪಾಪ, ಪ್ರಾರ್ಥನೆಯ ಚಾಪೆಯ ಮೇಲೇ ಕೂತು ಸುಳ್ಳು ಹೇಳಿದರು. ಸಿರುಗುಪ್ಪದವರು ಕೆಟ್ಟವರಲ್ಲ. ಅಕ್ಕನ ಗಲ್ಲ ಸವರಿ, "ಬಸ್ಸಿಗೆ ಹೊತ್ತಾತು, ಬರ್ತೀನವ್ವಾ," ಎಂದು ಎದ್ದರು. ಮಂಡಾಳು ಮುಟ್ಟಲಿಲ್ಲ. ಬಸ್ ಹತ್ತಿಸಿ ಬಂದ ಅಪ್ಪ ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತುಬಿಟ್ಟ.

"ಬೈರಿ ನನಗ. ಒಂದು ಮಾತು ಬೈರಿ," ಎಂದು ಅಮ್ಮ ಅತ್ತಳು.

"ದೇವ್ರ ಮುಂದ ಹೇಳಿದ್ದಕ್ಕ ಹೆಂಗ ಬೈಲಿ?" ಎಂದ ಅಪ್ಪ.

ಸಿರುಗುಪ್ಪದಿಂದ ಮತ್ತೆ ಸುದ್ದಿ ಬರಲಿಲ್ಲ. ಮುಂದೆ ಕುರುಗೋಡಿನ ಕಡೆಯಿಂದ ಒಂದು ಸಂಬಂಧದ ಮಾತು ಬಂತು. ನಮಗಿಂತ ಮೊದಲೇ ಮೂರ್ಛೆಯ ಸುದ್ದಿ ಅಲ್ಲಿಗೆ ಮುಟ್ಟಿತ್ತು, ಅದೂ ನಿಂತುಹೋಯಿತು. ಅಮ್ಮ ಸಾಯುವವರೆಗೂ ಮತ್ತೆ ಬಾಯಿಬಿಟ್ಟು ಪ್ರಾರ್ಥನೆ ಮಾಡಲಿಲ್ಲ. ಬಹಳ ವರ್ಷಗಳ ಮೇಲೆ ಒಬ್ಬ ಡಾಕ್ಟರು ಕೊಟ್ಟ ಮಾತ್ರೆಗೆ ಅಕ್ಕನ ಮೂರ್ಛೆ ನಿಂತಿತು. ಅಮ್ಮ ಕೇಳಿದ್ದು ಸಿಕ್ಕಿತು, ಅನ್ನಿ. ಆದರೆ ಅಷ್ಟರಲ್ಲಿ ಅಕ್ಕನ ತಲೆ ನೆರೆತಿತ್ತು. ನನಗೆ ಇವತ್ತಿಗೂ ಅದನ್ನು ನೆನೆದರೆ ದೇವರ ಮೇಲೆ ಸಿಟ್ಟು ಬರುತ್ತದೆ.

ನಿಮ್ಮ ಕಾಲವೇ ಬೇರೆ, ಮೊಮ್ಮಕ್ಕಳೇ. ಓಣಿಯ ಮನೆಗಳೆಲ್ಲ ಚದುರಿ ಹೋದವು, ಪ್ರಾರ್ಥನೆ ಫೋನಿನೊಳಗೆ ಸೇರಿತು. ಪರೀಕ್ಷೆ, ಜ್ವರ, ಕಾಲೇಜು ಸೀಟು, ಏನಿದ್ದರೂ ಹೆದರದೆ ಗುಂಪಿಗೆ ಬರೆದು ಹಾಕುತ್ತೀರಿ, ಕೈ ಮುಗಿದ ಚಿತ್ರಗಳು ಸಾಲುಸಾಲಾಗಿ ಬರುತ್ತವೆ. ಮೂರ್ಛೆ ಎಂದರೆ ಮಾತ್ರೆಯ ರೋಗ ಎಂದು ನಿಮಗೆ ಗೊತ್ತು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತದೆ. ಗುರುವಾರ ನೀವು ಗುಂಪಿಗೆ ಕಳಿಸಲು ಬೇಡಿಕೆ ಕೇಳುತ್ತ ಫೋನನ್ನು ಎಲ್ಲರ ಮುಂದೆ ಹಿಡಿಯುತ್ತ, ಕಿಟಕಿಯ ಹತ್ತಿರ ಕೂತ ನನ್ನ ಅಕ್ಕನ ಮುಂದೆಯೂ ಹಿಡಿದು, "ದೊಡ್ಡಜ್ಜಿ, ನಿಮ್ಮ ಬೇಡಿಕಿ ಹೇಳ್ರಿ," ಎನ್ನುತ್ತೀರಿ. "ನಂದೇನೂ ಇಲ್ಲ, ಮುಂದ ಹೋಗು," ಎನ್ನುತ್ತಾಳೆ. ನೀವು ನಕ್ಕು ಮುಂದೆ ಹೋಗುತ್ತೀರಿ. ಆ ಗುರುವಾರದಿಂದ ಈ ಗುರುವಾರದವರೆಗೆ ಅಕ್ಕ ದೇವರ ಹತ್ತಿರ ಏನನ್ನೂ ಕೇಳಿಲ್ಲ.