ಹಾಡಬೇಕೋ, ಸುಮ್ಮನಿರಬೇಕೋ: ಸಾಂಖಳಿಯ ರೇಡಿಯೊ ದಾವಲಮಲಿಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋವೆಯ ಸಾಂಖಳಿಯ ಓಣಿಯೊಂದರಲ್ಲಿ, ಮನೆಗೇ ಅಂಟಿಸಿದ ತಗಡಿನ ಅಂಗಡಿಯಲ್ಲಿ ಕುಳಿತು ದಾವಲಮಲಿಕ ಮರದ ರೇಡಿಯೊವೊಂದರ ಬೆನ್ನಿಗೆ ಮೂಗು ಹಚ್ಚಿದ್ದಾರೆ.

"ಹಳೇದು ಹೌದೋ ಅಲ್ಲೋ ಅನ್ನೂದು ವಾಸನಿ ಮ್ಯಾಲೆ ಗೊತ್ತಾಗತೈತ್ರಿ. ಇದು ಮೇಣ, ಧೂಳ ನಾರಾಕತ್ತೈತಿ. ಖರೇ ಹಳೇದು."

ಒಳಗೆ ಗಾಜಿನ ವಾಲ್ವುಗಳಿವೆ. ಡಯಲ್ ಮೇಲೆ ಲಿಸ್ಬನ್, ಕೊಲಂಬೊ ಎಂದು ಊರುಗಳ ಹೆಸರುಗಳಿವೆ. ಪೋರ್ತುಗೀಜರ ಕಾಲದ್ದು. ಅಷ್ಟು ಅವರಿಗೆ ಗೊತ್ತು. ಇದರ ಬೆಲೆ ಯಾವುದರಲ್ಲಿದೆ ಎಂಬುದು ಮಾತ್ರ ತಿಳಿಯದೆ ವಾರದಿಂದ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾರೆ.

ಬಾಗಲಕೋಟೆ ಕಡೆಯ ಇವರು ಅದಿರು ಲಾರಿಯ ಕ್ಲೀನರ್ ಆಗಿ ಗೋವೆಗೆ ಬಂದವರು. ಲಾರಿಗಳ ಟೇಪ್‌ರೆಕಾರ್ಡರ್ ಬಿಚ್ಚುತ್ತ ಜೋಡಿಸುತ್ತ ರೇಡಿಯೊ ರಿಪೇರಿಗೆ ಕೈ ಹಚ್ಚಿದರು. ಈಗ ಎಲ್ಲರ ಕೈಯಲ್ಲಿ ಮೊಬೈಲು. ದಿನಕ್ಕೊಂದು ರಿಪೇರಿ ಬಂದರೆ ಹೆಚ್ಚು.

ಕಳೆದ ಮಳೆಗಾಲದಲ್ಲಿ ಗುಜರಿಯ ಸೆಟ್ಟೊಂದನ್ನು ಹಾಡುವಂತೆ ಮಾಡಿ, ಪಾಲಿಶ್ ಹೊಡೆದು, ಡಯಲ್ ಗಾಜನ್ನು ಸ್ಪಿರಿಟ್ ಹಾಕಿ ತಿಕ್ಕಿದರು. ಊರುಗಳ ಹೆಸರುಗಳೆಲ್ಲ ಬಟ್ಟೆಗೆ ಅಂಟಿಕೊಂಡು ಬಂದವು. ಹಳೆಯ ರೇಡಿಯೊ ಸಂಗ್ರಹಿಸುವ ಪಣಜಿಯ ಗಿರಾಕಿ ಅದನ್ನು ಮುಟ್ಟಲೂ ಇಲ್ಲ. ಮೂಲೆಯಲ್ಲಿ ಜೇಡ ಮನೆ ಮಾಡಿದ್ದ, ಉಸಿರೇ ಇಲ್ಲದ ಇನ್ನೊಂದು ಸೆಟ್ಟನ್ನು ಎದೆಗವಚಿಕೊಂಡು ಒಯ್ದ.

"ಹಾಡೂದಕ್ಕ ಕಿಮ್ಮತ್ತಿಲ್ಲ, ಸುಮ್ಮನ ಕುಂತಿದ್ದಕ್ಕ ಕಿಮ್ಮತ್ತು. ಇದ್ಯಾವ ಲೆಕ್ಕಾರೀ?"

ಚಹಾ ತಂದ ಹೆಂಡತಿ ಜೈನಬ ಬಿಡುವುದಿಲ್ಲ: "ಹಂಗಾದ್ರ ನಮ್ಮನ್ಯಾಗ ನೀವೇ ಭಾಳ ತುಟ್ಟಿ ಬಿಡ್ರಿ!"

ಈಗ ಕೈಯಲ್ಲಿರುವ ರೇಡಿಯೊ ಇದೇ ಓಣಿಯ ಮುದುಕಿ ಎಸ್ಪೆರಾನ್ಸ ಮಾಯ್ ಅವರದು. ಪಣಜಿಯ ಗಿರಾಕಿ ಮೊನ್ನೆ ಅದನ್ನು ನೋಡಿ, ಒಂದು ತಂತಿ ಬದಲಿಸಿದರೂ ಬೆಲೆ ಹೋಯಿತೆಂದು ತಾಕೀತು ಮಾಡಿದ್ದಾನೆ. ಮಾಯ್ ಕೊಂಕಣಿಯಲ್ಲಿ ಅಂದದ್ದು ಬೇರೆ: "ಬೆಲೆ ಕಟ್ಟಿಕೊಂಡು ನನಗೇನಾಗಬೇಕಪ್ಪಾ? ಗಂಡ ಹೋದ ಮೇಲೆ ಇದೂ ಮಾತು ಬಿಟ್ಟಿದೆ. ಮಾತಾಡಿಸು."

ಹಾಡಲೆಂದು ಮಾಡಿದ ವಸ್ತುವಿನ ಬಾಯಿ ಮುಚ್ಚಿಸಿ ಕಪಾಟಿನಲ್ಲಿ ಕೂರಿಸುವವರ ಮೇಲೆ ಯಾರಿಗಾದರೂ ಸಿಟ್ಟು ಬರಬೇಕು. ದಾವಲಮಲಿಕರಿಗೆ ಸಿಟ್ಟು ಬರುವುದಿಲ್ಲ, ಹೆದರಿಕೆಯಾಗುತ್ತದೆ. ನಾಳೆ ಮುದುಕಿಯೇ ಇದನ್ನು ಮಾರಬೇಕಾಗಿ ಬಂದರೆ, ಕೆಡಿಸಿದವನು ನಾನೇ ಅನ್ನಿಸಿಕೊಳ್ಳಬೇಕಲ್ಲ!

ಚಹಾ ಆರಿಹೋಗುತ್ತದೆ. ಕೊನೆಗೆ ಸ್ಕ್ರೂ ತಿರುಗುತ್ತದೆ. ಮೇಣ ಸೋರಿದ ಹಳೆಯ ಕಂಡೆನ್ಸರುಗಳನ್ನು ಬಿಡಿಸಿ ಹೊಸವನ್ನು ಬೆಸೆಯುತ್ತಾರೆ. ತೆಗೆದವನ್ನು ಎಸೆಯುವುದಿಲ್ಲ. ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯೊಳಗೇ ಒಂದು ಮೂಲೆಗೆ ಬಿಗಿಯುತ್ತಾರೆ. ಗುಂಡಿ ತಿರುವಿದರೆ ವಾಲ್ವು ಮೆಲ್ಲಗೆ ಕೆಂಪಾಗುತ್ತದೆ. ಗೊರಗೊರ ಸದ್ದು, ಆಮೇಲೆ ಪಣಜಿಯ ಕೊಂಕಣಿ ವಾರ್ತೆ. ಓಣಿಯಾಚೆಯಿಂದ ಎಸ್ಪೆರಾನ್ಸ ಮಾಯ್ ಬರಿಗಾಲಲ್ಲೇ ಬರುತ್ತಾರೆ.

"ಹಳೇವು ಒಳಗ ಕಟ್ಟೇನ್ರಿ. ಮುಂದ ಯಾರಿಗರೆ ಮೂಕಾಗೇ ಬೇಕಂದ್ರ ತಿರುಗಿ ಹಚ್ಕೊಳ್ಳಲಿ. ಮಾಯ್ ಇರೂತನಕ ಮಾತಾಡ್ಲಿ," ಎನ್ನುತ್ತಾರೆ ದಾವಲಮಲಿಕ. ಆಮೇಲೆ ಡಯಲ್ ಕಡೆ ಬೆರಳು ತೋರಿಸುತ್ತಾರೆ: "ಸರಿ ಮಾಡಿದ್ನೋ ತಪ್ಪು ಮಾಡಿದ್ನೋ, ಈಗೂ ತಿಳೀವಲ್ದು. ಗಾಜಿಗೆ ಮಾತ್ರ ಬಟ್ಟಿ ತಾಗಿಸಿಲ್ಲ. ನೋಡ್ರಿ, ಲಿಸ್ಬನ್ ಇದ್ದಲ್ಲೇ ಐತಿ."