ಕ್ಯೂಬಾದಲ್ಲಿ ಜಟಕಾ ಹತ್ತಿದ ಕೇಕು

ಕ್ಯೂಬಾಕ್ಕೆ ಹೋಗುವವರೆಗೆ ಆ ದೇಶದ ಬಗ್ಗೆ ನನಗೆ ಗೊತ್ತಿದ್ದದ್ದು ಮೂರೇ ಮಾತು: ಗಡ್ಡ, ಸಿಗಾರು, ಸಕ್ಕರೆ. ಇದನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ. ಆಫೀಸಿನಲ್ಲಿ "ನೀವೇ ಹೋಗಬೇಕು" ಎಂದಾಗ ಎಲ್ಲ ಬಲ್ಲವಳಂತೆ ತಲೆಯಾಡಿಸಿ, ಆಮೇಲೆ ಮೂಲೆಗೆ ಹೋಗಿ ಫೋನಿನಲ್ಲಿ ನಕಾಶೆ ಹುಡುಕಿದವಳು ನಾನು. ಹೊಳವನಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮನಿಗೆ ವಿಷಯ ತಿಳಿಸಿದರೆ, "ಕ್ಯೂಬಾನಾ? ದುಬೈ ಪಕ್ಕದಾಗೈತೇನೇ?" ಎಂದರು. "ಅದಕ್ಕಿಂತ ವಸಿ ಮುಂದೆ ಕಣ್ ಚಿಕ್ಕಮ್ಮ" ಎಂದೆ. ಆ 'ವಸಿ'ಯನ್ನು ದಾಟಲು ವಿಮಾನದ ಮೇಲೆ ವಿಮಾನ ಹತ್ತಿ ಇಳಿದು, ಕೊನೆಗೆ ಯಾವ ದಿನ, ಯಾವ ಹೊತ್ತು ಎಂಬುದೇ ಮರೆತುಹೋಗಿತ್ತು.

ನನ್ನ ಮನೆ ಮಧುಗಿರಿಯಲ್ಲಿ. ಕೆಲಸ ಪಾವಗಡ ತಾಲ್ಲೂಕಿನ ವಳ್ಳೂರಿನ ಕಡೆ, ಸೋಲಾರ್ ಪಾರ್ಕಿನಲ್ಲಿ. ಕ್ಯೂಬಾದಲ್ಲಿ ಈಗ ಕರೆಂಟಿಗೆ ಬಹಳ ತಾಪತ್ರಯ. ಅಲ್ಲಿನ ಒಂದು ಸಣ್ಣ ಪಟ್ಟಣದ ಹೊರಗೆ, ಹಿಂದೆ ಕಬ್ಬು ಬೆಳೆಯುತ್ತಿದ್ದ ಬಯಲಿನಲ್ಲಿ, ಸೋಲಾರ್ ಪ್ಯಾನೆಲ್ ಕೂರಿಸುವ ಪುಟ್ಟ ಗುತ್ತಿಗೆಯೊಂದು ನಮ್ಮ ಕಂಪನಿಗೆ ಸಿಕ್ಕಿತ್ತು. ಎಂಜಿನಿಯರ್ ಎಂದು ನನ್ನನ್ನೂ, ಮೇಸ್ತ್ರಿ ಎಂದು ಅಂಜಿನಪ್ಪನವರನ್ನೂ ಕಳಿಸಿದರು. ಅಂಜಿನಪ್ಪ ಕ್ಯಾತಗಾನಚೆರ್ಲುವಿನವರು. ಒಂದು ಕಾಲದಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದ ತಮ್ಮ ಹೊಲವನ್ನು ಪಾರ್ಕಿಗೆ ಗುತ್ತಿಗೆ ಕೊಟ್ಟು, ಆಮೇಲೆ ಅದೇ ಹೊಲದ ಪ್ಯಾನೆಲ್‌ಗಳ ಕೆಲಸ ಕಲಿತು ಮೇಲೆ ಬಂದವರು. ಮಾತು ಕನ್ನಡದಲ್ಲಿ ಶುರುವಾಗುತ್ತದೆ, ಸಂತೋಷವೋ ಗಾಬರಿಯೋ ಆದರೆ ತೆಲುಗಿಗೆ ಹೊರಳುತ್ತದೆ.

ಹವಾನಾದಲ್ಲಿ ಇಳಿದ ಕೂಡಲೇ ಹೊರಳಿತು. ರಸ್ತೆಯಲ್ಲಿ ಗುಲಾಬಿ, ಹಸಿರು, ಆಕಾಶನೀಲಿ ಬಣ್ಣದ, ಹಡಗಿನಂಥ ಹಳೇ ಕಾರುಗಳು ಹೊಗೆಯುಗುಳುತ್ತ ಸಾಲಾಗಿ ಬರುತ್ತಿದ್ದವು. "ಅಮ್ಮೋ! ಏಮಿ ಕಾರ್ಲು! ನಮ್ ತಾತನ ಮದ್ವೆ ಕಾಲದವು ಮೇಡಮ್ಮೋರೇ, ಇನ್ನಾ ಓಡ್ತಾವಲ್ಲ!" ಎಂದು ಅಂಜಿನಪ್ಪ ರಸ್ತೆಬದಿಯಲ್ಲೇ ನಿಂತುಬಿಟ್ಟರು. ನಾನೂ ನಿಂತೆ. ಬಿಡಿಭಾಗ ಸಿಗದ ಊರಿನಲ್ಲಿ ಇಷ್ಟು ವರ್ಷ ಒಂದು ಕಾರನ್ನು ಓಡಿಸಬೇಕಾದರೆ ಎಷ್ಟು ಜನರ ಎಷ್ಟು ಉಪಾಯ ಅದರ ಹೊಟ್ಟೆಯೊಳಗಿರಬೇಕು!

ನಮ್ಮ ಕೆಲಸವಿದ್ದ ಸಣ್ಣ ಪಟ್ಟಣ ತಲುಪಿದರೆ ಬೆರಗಿನ ಮೇಲೆ ಬೆರಗು. ಯಾವ ಮನೆಗೂ ಹಗಲಲ್ಲಿ ಬಾಗಿಲು ಹಾಕುವ ಪದ್ಧತಿಯೇ ಇಲ್ಲ. ಬೀದಿಯಲ್ಲಿ ನಡೆದರೆ ಎರಡೂ ಕಡೆಯ ಸಂಸಾರಗಳು ಕಾಣುತ್ತವೆ: ಒಬ್ಬಳು ಕಾಳು ಆರಿಸುತ್ತಿದ್ದಾಳೆ, ಒಬ್ಬ ಮುದುಕ ತೂಗುಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾನೆ. ಬ್ರೆಡ್ ಮಾರುವವನು ನನ್ನನ್ನು 'ಮಿ ಅಮೋರ್' ಎಂದು ಕರೆದ. 'ನನ್ನ ಪ್ರೀತಿಯೇ' ಎಂದರ್ಥ. ನಾನು ಕೆಂಪಾದೆ. ನನ್ನ ಯಜಮಾನರು ಮದುವೆಯಾದಂದಿನಿಂದ 'ಇವಳೇ' ಎಂಬುದನ್ನು ದಾಟಿ ಮುಂದೆ ಹೋಗಿಲ್ಲ. ಆಮೇಲೆ ನೋಡಿದರೆ ಅವನು ನನ್ನ ಹಿಂದೆ ನಿಂತಿದ್ದ ಹಲ್ಲಿಲ್ಲದ ಅಜ್ಜನನ್ನೂ ಹಾಗೇ ಕರೆದ.

ಇನ್ನೊಂದು ದಿನ ಒಬ್ಬಾತ ಕಾಗದದ ಉದ್ದುದ್ದ ಪೊಟ್ಟಣ ಹಿಡಿದು "ಮನೀ! ಮನೀ!" ಎಂದು ಕೂಗುತ್ತ ಬಂದ. "ಇದೇನ್ ಮೇಡಮ್ಮೋರೇ, ಇಂಗೆ ರಾಜಾರೋಷವಾಗಿ ದುಡ್ಡು ಕೇಳ್ತಾವ್ನೆ?" ಎಂದರು ಅಂಜಿನಪ್ಪ. ಪೊಟ್ಟಣ ಬಿಚ್ಚಿದರೆ ಹುರಿದ ಕಡಲೆಕಾಯಿ ಬೀಜ! ಅವರ ಭಾಷೆಯಲ್ಲಿ ಅದರ ಹೆಸರೇ ಮನೀ. ಅಂಜಿನಪ್ಪ "ಶೆನಕ್ಕಾಯ!" ಎಂದು ಒಂದು ಬೀಜ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಪಾವಗಡದ ಕೆಂಪು ನೆಲದಲ್ಲಿ ಅನಾದಿಯಿಂದ ಇದೆಯೇನೋ ಎಂದು ನಾವು ತಿಳಿದಿರುವ ಈ ಕಾಯಿ ಮೂಲದಲ್ಲಿ ಅಮೆರಿಕ ಭೂಖಂಡದ ಕಡೆಯದು. ಹಡಗು ಹತ್ತಿ ನಮ್ಮಲ್ಲಿಗೆ ಬಂದದ್ದು. ಮಧುಗಿರಿ ಬೆಟ್ಟದ ಬುಡದಲ್ಲಿ ಸೀತಮ್ಮನ ಹೆಸರಿಟ್ಟುಕೊಂಡು ಕೂತಿರುವ ಸೀತಾಫಲವೂ ಹಾಗೇ. ಹಾಗೆಂದು ತಿಳಿಸಿದಾಗ ಅಂಜಿನಪ್ಪ ಇನ್ನೊಂದು ಬೀಜ ತೆಗೆದು ತಿರುಗಿಸಿ ತಿರುಗಿಸಿ ನೋಡಿ, "ಅಂಗಾದ್ರೆ ನಾವು ಶೆನಕ್ಕಾಯ ತವರುಮನೇಗೆ ಬಂದಂಗಾಯ್ತು" ಎಂದರು.

ನಾವಿಬ್ಬರೂ ಇಳಿದುಕೊಂಡಿದ್ದು ಕಾರಿದಾದ್ ಎಂಬ ಅಜ್ಜಿಯ ಮನೆಯ ಎರಡು ಕೋಣೆಗಳಲ್ಲಿ. ಅಜ್ಜಿಯ ಮಗಳು ನರ್ಸು. ಅಲ್ಲಿನ ಸರ್ಕಾರ ವೈದ್ಯರನ್ನೂ ನರ್ಸುಗಳನ್ನೂ ಬೇರೆ ದೇಶಗಳಿಗೆ ಸೇವೆಗೆ ಕಳಿಸುತ್ತದಂತೆ. ಹಾಗೆ ಆಕೆ ಯಾವುದೋ ದೂರದೇಶದ ಆಸ್ಪತ್ರೆಯಲ್ಲಿದ್ದಳು. ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಗಳು ಯಾನೆಲಿಸ್. ಪಕ್ಕದ ಮನೆಯ ಯೋಯೆಲ್ ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಅಲ್ಲಿನ ಎಂಜಿನಿಯರ್, ಇಂಗ್ಲಿಷ್ ಬಲ್ಲವನು. ಅಜ್ಜಿ ಹೇಳಿದ್ದನ್ನು ಅವನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ನಾನು ಅಂಜಿನಪ್ಪನವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ತೆಲುಗಿನಲ್ಲಿ ನಿಟ್ಟುಸಿರು ಬಿಡುತ್ತಿದ್ದರು. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಅಜ್ಜಿ ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ಆಮೇಲೆ ದಿನವೂ ನನಗಾಗಿ ಬೇರೆ ಪಾತ್ರೆಯಲ್ಲಿ ಅನ್ನ, ಕಪ್ಪು ಕಾಳಿನ ಸಾರು ಮಾಡಿದರು.

ಕರೆಂಟು ಅಲ್ಲಿ ನೆಂಟರ ಹಾಗೆ. ಬಂದಾಗ ಬಂತು, ಹೊರಟರೆ ತಡೆಯುವಂತಿಲ್ಲ. ಬೆಳಕು ಕೊಡಲು ಬಂದ ನಾವೇ ಕತ್ತಲಲ್ಲಿ ಕೂತು ಸೊಳ್ಳೆ ಹೊಡೆಯುತ್ತಿದ್ದೆವು. ಕರೆಂಟು ಹೋದ ಕೂಡಲೇ ಬೀದಿಯವರೆಲ್ಲ ಕುರ್ಚಿ ಹೊರಗೆ ತಂದು ಹಾಕಿಕೊಂಡು ಮಾತಿಗೆ ಕೂರುತ್ತಿದ್ದರು. ಮಧುಗಿರಿಯಲ್ಲಿ ಕರೆಂಟು ಹೋದರೆ ನಾನು ಮಾಡುವ ಮೊದಲ ಕೆಲಸ ಕಿಟಕಿಯಿಂದ ಇಣುಕುವುದು. ಎದುರು ಮನೆಯಲ್ಲೂ ಹೋಗಿದ್ದರೆ ಏನೋ ಒಂದು ಸಮಾಧಾನ. ಅಲ್ಲಿ ಯಾರೂ ಇಣುಕಲಿಲ್ಲ.

ಅಲ್ಲಿ ಹುಡುಗಿಗೆ ಹದಿನೈದು ತುಂಬುವುದೆಂದರೆ ದೊಡ್ಡ ಸಂಭ್ರಮ. ನಮ್ಮಲ್ಲಿ ಹುಡುಗಿ ದೊಡ್ಡವಳಾದರೆ ಚಿಗಳಿ ತಿನ್ನಿಸಿ ಆರತಿ ಎತ್ತುತ್ತಾರಲ್ಲ, ಹಾಗೆ. ವ್ಯತ್ಯಾಸವೆಂದರೆ ನನ್ನನ್ನು ಆಗ ಹಿಂದಿನ ಕೋಣೆಯಲ್ಲಿ ಕೂರಿಸಿ ಹೆಂಗಸರು ಪಿಸುಗುಟ್ಟಿದ್ದರು. ಯಾನೆಲಿಸಳ ಹದಿನೈದಕ್ಕೆ ಇಡೀ ಬೀದಿಯೇ ಸಜ್ಜಾಗುತ್ತಿತ್ತು. ಒಬ್ಬಳು ನೀಲಿ ಗೌನು ಎರವಲು ಕೊಟ್ಟಳು. ಕೇಕಿಗೆ ಮೊಟ್ಟೆ, ಮೈದಾ, ಸಕ್ಕರೆ ಒಂದೊಂದು ಮನೆಯಿಂದ ಬಂತು. ಸಕ್ಕರೆಯ ನಾಡಿನಲ್ಲಿ ಈಗ ಸಕ್ಕರೆಗೂ ಬರ. ಸಂಜೆ ತನ್ನ ಪಾಳಿ ಮುಗಿಸಿದ ಕೂಡಲೇ ತಾಯಿ ವಿಡಿಯೋ ಕರೆ ಮಾಡುವುದು, ಮಗಳ ನಾಟ್ಯ ನೋಡುವುದು ಎಂದು ಮಾತಾಗಿತ್ತು.

ಆ ಮಧ್ಯಾಹ್ನ ಅಜ್ಜಿ ಹಿಟ್ಟು ಕಲಸಿ ದೊಡ್ಡ ತಟ್ಟೆಗೆ ಸುರಿದು ಇನ್ನೇನು ಓವನ್ನಿಗೆ ಇಡಬೇಕು, ಕರೆಂಟು ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಫೋನಿನ ಸಿಗ್ನಲ್ಲೂ ಹೋಯಿತು. ಇವತ್ತಿಗೆ ಬರುವುದಿಲ್ಲ ಎಂಬ ಸುದ್ದಿ ಬೀದಿಯ ತುದಿಯಿಂದ ನಡೆದು ಬಂತು. ಯಾನೆಲಿಸ್ ಒಳಗಿಂದ ಬಂದು, "ಅಜ್ಜಿ, ಕೇಕು ಬೇಡ ಬಿಡು" ಎಂದಳು. ಅಜ್ಜಿ ತಣ್ಣಗಿನ ಓವನ್ನಿನ ಮೇಲೆ ಕೈಯಿಟ್ಟು ಕೂತಿದ್ದರು. "ಕೇಕು ಹೋದರೆ ಹೋಗಲಿ. ಆದರೆ ನಿನ್ನಮ್ಮ? ಹದಿನೈದು ಮತ್ತೆ ಬರುತ್ತದೆಯೇ?" ಎಂದರು. ಹುಡುಗಿಗೆ ಅಲ್ಲಿಯವರೆಗೆ ತಡೆದಿಟ್ಟಿದ್ದ ಅಳು ಬಂದುಬಿಟ್ಟಿತು.

ಆಗ ಯೋಯೆಲ್ ಹೇಳಿದ: "ಆಸ್ಪತ್ರೆಯ ಲೈನು ತೆಗೆಯುವುದಿಲ್ಲ. ಅದರ ಸುತ್ತಲ ಮನೆಗಳಲ್ಲಿ ಕರೆಂಟಿರುತ್ತದೆ. ಸಿಗ್ನಲ್ಲೂ ಇರುತ್ತದೆ. ಅಲ್ಲಿಗೆ ಹೋಗೋಣ."

"ಅಲ್ಲಿ ಯಾರ ಪರಿಚಯವಿದೆ?" ಎಂದು ಕೇಳಿದೆ.

ಅವನಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. "ಪರಿಚಯ ಯಾಕೆ? ಅಲ್ಲಿ ಮನೆಗಳಿವೆ" ಎಂದ.

ಆ ಊರಿನಲ್ಲಿ ಪೆಟ್ರೋಲಿಗಿಂತ ಕುದುರೆ ಸುಲಭವಾಗಿ ಸಿಗುತ್ತದೆ. ಬಂದದ್ದು ಎರಡು ಜಟಕಾ. ಕೇಕಿನ ಹಿಟ್ಟು ಅಂಜಿನಪ್ಪನವರ ತೊಡೆಯ ಮೇಲೆ ಕೂತಿತು. ಹಳ್ಳ ಬಂದಾಗಲೆಲ್ಲ ಅವರು ತಟ್ಟೆಯನ್ನು ಗಾಳಿಯಲ್ಲೆತ್ತಿ, "ಮೆಲ್ಲಗಾ ನಾಯನಾ, ಮೆಲ್ಲಗಾ!" ಎಂದು ಗಾಡಿಯವನಿಗೆ ತೆಲುಗಿನಲ್ಲಿ ಹೇಳುತ್ತಿದ್ದರು. ಅವನು ಅರ್ಥವಾದವನಂತೆ ಕುದುರೆಗೆ ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದ. "ಮೇಡಮ್ಮೋರೇ, ನನ್ ಮೊಮ್ಮಗೂನೂ ಇಷ್ಟ್ ಉಷಾರಾಗಿ ಇಡ್ಕಂಡಿರ್ನಿಲ್ಲ ಕಣಮ್ಮ" ಎಂದರು ನನಗೆ. ಹಿಂದಿನ ಗಾಡಿಯಲ್ಲಿ ನೀಲಿ ಗೌನಿನ ಯಾನೆಲಿಸ್ ಮತ್ತು ಅಜ್ಜಿ. ಅದರ ಹಿಂದೆ ತಲೆಯ ಮೇಲೆ ಕುರ್ಚಿ ಹೊತ್ತು, ಹೂ ಹಿಡಿದು, ಹಾಡಿನ ಪೆಟ್ಟಿಗೆ ಎತ್ತಿಕೊಂಡು ನಮ್ಮ ಇಡೀ ಬೀದಿ.

ಆಸ್ಪತ್ರೆಯ ಎದುರಿನ ಮೊದಲನೇ ಮನೆಯ ಬಾಗಿಲಲ್ಲಿ ಅಜ್ಜಿ ನಿಂತರು. ನಿಮ್ಮಾಣೆ, ಪಕ್ಕದ ಮನೆಯಲ್ಲಿ ಮೊಸರಿಗೆ ಹೆಪ್ಪು ಕೇಳಬೇಕಾದರೂ ನಾನು ಮನಸ್ಸಿನೊಳಗೆ ಮಾತು ಜೋಡಿಸಿಕೊಂಡು ಹೋಗುವವಳು. ಅಜ್ಜಿ ಏನು ಹೇಳಿಯಾರು ಎಂದು ಯೋಯೆಲ್‌ನನ್ನು ಎಳೆದುಕೊಂಡು ಅವರ ಹಿಂದೆಯೇ ಹೋಗಿ ನಿಂತೆ. ಒಳಗಿಂದ ಒಬ್ಬ ದಪ್ಪನೆಯ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಅಜ್ಜಿ ಹೇಳಿದ್ದು ಇಷ್ಟೇ: "ಮೊಮ್ಮಗಳಿಗೆ ಇವತ್ತು ಹದಿನೈದು." ಆಕೆ ಗೌನನ್ನು ನೋಡಿದಳು, ತಟ್ಟೆಯನ್ನು ನೋಡಿದಳು, ಬಾಗಿಲನ್ನು ಪೂರ್ತಿ ತೆರೆದು ಓವನ್ ಹಚ್ಚಲು ಒಳಗೆ ಓಡಿದಳು. ಅಡುಗೆಮನೆಯಲ್ಲಿ ಆಗಲೇ ಯಾರ್ಯಾರದೋ ಕುಕ್ಕರುಗಳಲ್ಲಿ ಅನ್ನ ಬೇಯುತ್ತಿತ್ತು. ನೆಲದ ಮೇಲೆ ಊರಿನ ಫೋನುಗಳೆಲ್ಲ ಚಾರ್ಜಿಗೆ ಸಿಕ್ಕಿಕೊಂಡು, ಹಾಲು ಕುಡಿಯುವ ಬೆಕ್ಕಿನ ಮರಿಗಳ ಹಾಗೆ ಸಾಲಾಗಿ ಮಲಗಿದ್ದವು.

ಇಳಿಬಿಸಿಲಿನಲ್ಲಿ ಬೀದಿಯಲ್ಲೇ ಕುರ್ಚಿ ಹಾಕಿದರು. ಹೇಳಿದ ಹೊತ್ತಿಗೆ ತಾಯಿಯ ಕರೆ ಬಂತು. ಫೋನು ಹಿಡಿಯುವ ಕೆಲಸ ನನ್ನದು. ಬಿಳಿ ಸಮವಸ್ತ್ರದ, ದಣಿದ ಮುಖದ ಹೆಂಗಸು ಮಗಳನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಯಾನೆಲಿಸ್ ಮೊದಲು ಅಜ್ಜಿಯ ಜೊತೆ ಕುಣಿದಳು, ಆಮೇಲೆ ಯೋಯೆಲ್ ಜೊತೆ, ಗಾಡಿಯವನ ಜೊತೆ, ಆ ಮನೆಯಾಕೆಯ ಜೊತೆ. ಸಂಗೀತ ಕೇಳಿ ಆಸ್ಪತ್ರೆಯ ನರ್ಸುಗಳು ಗೇಟಿಗೆ ಬಂದರು. ಅವರಲ್ಲೊಬ್ಬಳು ಫೋನಿನೊಳಕ್ಕೆ ಇಣುಕಿ ಕಿರುಚಿಕೊಂಡಳು. ಯಾನೆಲಿಸಳ ತಾಯಿ ಮೊದಲು ಅದೇ ಆಸ್ಪತ್ರೆಯಲ್ಲಿದ್ದವಳು! ನನ್ನ ಕೈಯಲ್ಲಿದ್ದ ಫೋನಿನ ಸುತ್ತ ಬಿಳಿ ಟೋಪಿಗಳು ಮುತ್ತಿಕೊಂಡವು. ಎಲ್ಲರೂ ಒಟ್ಟಿಗೆ ಮಾತಾಡಿದರು, ಒಟ್ಟಿಗೆ ಅತ್ತರು. ಅರ್ಥವಾಗದ ಭಾಷೆಯಲ್ಲಿ ನಾನೂ ಅತ್ತೆ.

ಕೊನೆಗೆ ಅಂಜಿನಪ್ಪನವರನ್ನು ಎಳೆದರು. "ನಾಕು ರಾದು, ನಂಗ್ ಬರಾಕಿಲ್ಲ" ಎನ್ನುತ್ತಲೇ ಹೋದ ಮನುಷ್ಯ ಕೋಲಾಟದ ಹೆಜ್ಜೆ ಹಾಕಿದರು ನೋಡಿ, ಬೀದಿಗೆ ಬೀದಿಯೇ ಅವರ ಹಿಂದೆ ಸುತ್ತಿತು. ಫೋನಿನೊಳಗಿನ ತಾಯಿ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

ಕೇಕು ಹೊರಬಂತು. ಜಟಕಾದ ಕುಲುಕಾಟಕ್ಕೋ ಏನೋ, ನಡುವೆ ಕುಸಿದು ನಮ್ಮ ಊರಿನ ಕೆರೆಯಂಗಳದ ಹಾಗಿತ್ತು. ನಾನು ಮೊಟ್ಟೆ ಮುಟ್ಟಿದವಳಲ್ಲ. ಆದರೆ ಆ ಒಂದೊಂದು ಮೊಟ್ಟೆಯೂ ಯಾವ ಬಾಗಿಲಿನಿಂದ ಬಂತೆಂದು ಕಣ್ಣಾರೆ ಕಂಡಿದ್ದೆ. ಶಿವನ ಹೆಸರು ಹೇಳಿ ತಿಂದೆ. ಸಿಟ್ಟಾಗಿದ್ದರೆ ಅವನು ಇಷ್ಟರಲ್ಲಿ ತಿಳಿಸುತ್ತಿದ್ದ.

ಅಷ್ಟರಲ್ಲಿ ನಮ್ಮ ಬೀದಿಯವನೊಬ್ಬ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದ. "ಬಂತು! ನಮ್ಮ ಕಡೆ ಕರೆಂಟು ಬಂತು!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ದಡಬಡಿಸಿ ಎದ್ದೆ. ಕರೆಂಟು ಬಂತೆಂದರೆ ಮೋಟಾರು ಹಾಕು, ಮಿಕ್ಸಿ ತಿರುಗಿಸು ಎಂದು ಓಡಿಯೇ ಬೆಳೆದ ಕಾಲುಗಳು ನನ್ನವು. ಎದ್ದು ನೋಡಿದರೆ ನಿಂತವಳು ನಾನೊಬ್ಬಳೇ. ಉಳಿದವರು ಕುಣಿತಕ್ಕೆ ಮರಳಿದ್ದರು.

ಅಜ್ಜಿ ನನ್ನ ಕುರ್ತಾದ ತುದಿ ಹಿಡಿದು ಜಗ್ಗಿ ಏನೋ ಅಂದರು. ಯೋಯೆಲ್ ನಗುತ್ತ ತಿಳಿಸಿದ: "ಇಷ್ಟು ದಿನ ನಾವು ಕರೆಂಟಿಗೆ ಕಾದೆವಂತೆ. ಇವತ್ತೊಂದು ದಿನ ಅದು ನಮಗಾಗಿ ಕಾಯಲಿ, ಕೂತುಕೋ ಅಂತಾರೆ."

"ಏನಂತೆ ಮೇಡಮ್ಮೋರೇ?" ಅಂಜಿನಪ್ಪ ಕುಣಿಯುತ್ತಲೇ ಕೇಳಿದರು.

"ಏನಿಲ್ಲ, ಕುಣೀರಿ" ಎಂದು ನಾನು ಕೂತೆ.