ಕುಳ್ಳಿನ ಮೇಲಿನ ಕೈ

ನಮ್ಮ ಓಣಿಯ ದುರ್ಗಾದೇವಿಗೆ ಹಸ್ತ ನೋಡುವುದನ್ನು ಕಲಿಯುವ ಹುಚ್ಚು ಹತ್ತಿದ್ದು ಅವಳ ತಾಯಿ ತಿಮ್ಮವ್ವ ತೀರಿಕೊಂಡ ಮರುವರ್ಷ. ಕಲಿಸಿದ್ದು ಯಾವ ಜ್ಯೋತಿಷಿಯೂ ಅಲ್ಲ, ಸಿಂಧನೂರಿನಿಂದ ಬಸ್ಸಿನಲ್ಲಿ ಬುಟ್ಟಿ ತರುವ ಬಳೆಗಾರ್ತಿ ಗುಲ್ಷನ್‌ಬೀ. ಬಳೆ ಇಡುವವರಿಗೆ ಕೈ ಹಿಡಿಯುವುದೇ ಕಸುಬು. ಅಂಗೈ ಹಿಸುಕಿ, ಹೆಬ್ಬೆರಳು ಒಳಗೆ ಮಡಿಸಿ, ಬಳೆಯನ್ನು ಗಿಣ್ಣು ದಾಟಿಸುವಷ್ಟರಲ್ಲಿ ಅಂಗೈ ಪೂರ್ತಿ ಕಣ್ಣಿಗೆ ಬಿದ್ದಿರುತ್ತದೆ. ನಮ್ಮ ಜವಳಗೇರಾದ ಹೆಂಗಸರು ಸುಮ್ಮನಿರುತ್ತಾರೆಯೇ? "ಚಾಚಿ, ಹಂಗ ಒಂದೀಟು ನೋಡಿ ಹೇಳ್ರೀ" ಎಂದು ಗಂಟು ಬೀಳುತ್ತಾರೆ. ಕೈ ನೋಯುವುದು ಮರೆಯಲಿ ಎಂದು ಗುಲ್ಷನ್‌ಬೀ ಏನಾದರೂ ಹೇಳುತ್ತಾಳೆ. ಕೆಟ್ಟದ್ದನ್ನು ಮಾತ್ರ ಯಾವತ್ತೂ ಹೇಳಿದವಳಲ್ಲ.

ಪಾಠ ನಡೆಯುತ್ತಿದ್ದದ್ದು ಮಧ್ಯಾಹ್ನ, ದುರ್ಗಾದೇವಿಯ ಮನೆಯ ಕಟ್ಟೆಯ ಮೇಲೆ.

"ಹೆಬ್ಬೆರಳಿನ ಬುಡ ಸುತ್ತಿ ಇಳಿದದ್ದು ಆಯುಷ್ಯದ ಗೆರಿ. ನಡುವಿಂದು ತಲಿ ಗೆರಿ. ಬೆರಳಿನ ಕೆಳಗಿಂದು ಮನಸಿನ ಗೆರಿ. ಇಷ್ಟು ಗೊತ್ತಿದ್ರ ಸಾಕು, ಉಳಿದದ್ದು ಮಾರಿ ನೋಡಿ ಹೇಳೋದು" ಎಂದು ನಗುತ್ತಿದ್ದಳು ಗುಲ್ಷನ್‌ಬೀ.

"ಹೆಣ್ಣಿಗೆ ಎಡಗೈ ಅಲ್ಲೇನ್ರೀ ಚಾಚಿ?"

"ಹೌದವ್ವಾ. ಆದ್ರ ಎಡಗೈ ಅಂದ್ರ ದೇವರು ಕೊಟ್ಟು ಕಳಿಸಿದ್ದು, ಬಲಗೈ ಅಂದ್ರ ನಾವು ದುಡಿದು ಮಾಡ್ಕೊಂಡದ್ದು. ಎರಡೂ ನೋಡಬೇಕು."

ಈ ಮಾತು ದುರ್ಗಾದೇವಿಯ ಮನಸ್ಸಿನಲ್ಲಿ ನಿಂತುಬಿಟ್ಟಿತು. ಅಂದಿನಿಂದ ಅವಳು ಯಾರ ಕೈಯನ್ನೂ ಬಿಡಲಿಲ್ಲ. ನನ್ನದನ್ನೂ ಹಿಡಿದು, ಕಣ್ಣು ಅರೆಮುಚ್ಚಿ, ಬಹಳ ಹೊತ್ತು ಕೂತು, ಕೊನೆಗೆ "ಚಲೋ ಐತಿ" ಎಂದಷ್ಟೇ ಹೇಳಿ ಎದ್ದು ಹೋದಳು. ನನಗೆ ಸಿಟ್ಟೇ ಬಂತು. ದುರ್ಗಾದೇವಿಯ ಗಂಡ ಬಸ್ಸಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು. ಅವನ ಅಂಗೈ ದಡ್ಡುಗಟ್ಟಿ ಗೆರೆಗಳೇ ಕಾಣುತ್ತಿರಲಿಲ್ಲ. "ಮೊದಲ ನಿನ್ನ ಕೈಯಾಗ ಸಾರಿಗೆ ಉಪ್ಪು ಹಾಕೋ ಗೆರಿ ಐತೇನು ನೋಡ್ಕೋ" ಎಂದು ಅವನು ಕಾಡುತ್ತಿದ್ದ. ಅವಳು ಕೇಳಿಸಿಕೊಂಡರೆ ತಾನೇ! ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಲು ಹೋದವಳು ತನ್ನ ಎಡಗೈ ಬಿಚ್ಚಿ ಕೂತುಬಿಡುತ್ತಿದ್ದಳು. ಎದುರಿಗೆ ಎಡದಂಡೆ ಕಾಲುವೆ ಊರನ್ನು ಬಳಸಿ ಹೋಗುತ್ತದೆ, ಅದರಿಂದ ಸಣ್ಣ ಕಾಲುವೆಗಳು ಗದ್ದೆಗಳೊಳಗೆ ಇಳಿಯುತ್ತವೆ. ನೀರು ನಿಂತ ಗದ್ದೆಗಳಲ್ಲಿ ಮೋಡ ತೇಲುತ್ತಿರುತ್ತದೆ. ಕೈ ನೋಡಿ ಊರು ನೋಡಿ, ಊರು ನೋಡಿ ಕೈ ನೋಡಿ, ಯಾವುದು ಯಾವುದೆಂದು ತಿಳಿಯದಂತಾಗುತ್ತಿತ್ತಂತೆ. ಕೆಳಗೆ ರೊಟ್ಟಿ ಸೀದು ಹೋಗುತ್ತಿತ್ತು.

ಅವಳಿಗೆ ಬೇಕಾಗಿದ್ದದ್ದು ನಮ್ಮ ಯಾರ ಕೈಯೂ ಅಲ್ಲ, ತಿಮ್ಮವ್ವನ ಕೈ. ದುರ್ಗಾದೇವಿ ಒಬ್ಬಳೇ ಮಗಳು, ಬಸ್ಸಪ್ಪ ಮನೆ ಅಳಿಯ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ತಿಮ್ಮವ್ವ ಕೊನೆಯವರೆಗೆ ಮಗಳ ಜೊತೆಗೇ ಇದ್ದಳು. ಮಾತು ಕಡಿಮೆ. ಕೈ ಮಾತ್ರ ಸದಾ ಏನಾದರೊಂದರಲ್ಲಿ ಮುಳುಗಿರುತ್ತಿತ್ತು, ಗದ್ದೆಯ ಕೆಸರಲ್ಲಿ, ಹಿಟ್ಟಿನಲ್ಲಿ, ಇಲ್ಲವೇ ಸೆಗಣಿಯಲ್ಲಿ. ಅದನ್ನು ಹಿಡಿದು ಬಿಚ್ಚಿ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳು ಹೋದ ಮೇಲೆ ದುರ್ಗಾದೇವಿಯನ್ನು ಒಂದೇ ಪ್ರಶ್ನೆ ಕೊರೆಯತೊಡಗಿತು. ಅವ್ವ ನನ್ನ ಹತ್ತಿರ ಸುಖವಾಗಿದ್ದಳೋ, ಇಲ್ಲ ಸುಮ್ಮನೆ ದಿನ ದೂಡಿದಳೋ?

ತಿಮ್ಮವ್ವ ಸೆಗಣಿ ತಟ್ಟಿ ಒಣಗಿಸಿಟ್ಟ ಕುಳ್ಳುಗಳನ್ನು ಮನೆಯವರು ವರ್ಷವೆಲ್ಲ ನೀರು ಕಾಯಿಸಲು ಉರಿಸಿದ್ದರು. ಎಮ್ಮೆಯನ್ನೂ ಮಾರಿಯಾಗಿತ್ತು. ಒಂದು ಬೆಳಿಗ್ಗೆ ಕಟ್ಟಕಡೆಯ ಕುಳ್ಳನ್ನು ಒಲೆಗೆ ಇಡಹೋದ ದುರ್ಗಾದೇವಿ ಹಾಗೆಯೇ ನಿಂತಳು. ಒಣಗಿದ ಸೆಗಣಿಯಲ್ಲಿ ಅವ್ವನ ಐದು ಬೆರಳು ಒತ್ತಿ ಮೂಡಿದ್ದವು. ಹಿಂದೊಮ್ಮೆ ಎಮ್ಮೆಯ ಹಗ್ಗ ಸುತ್ತಿಕೊಂಡು ಸೊಟ್ಟಗಾಗಿದ್ದ ಕಿರುಬೆರಳು ಕೂಡ ಸೊಟ್ಟಗೇ ಮೂಡಿತ್ತು. ಅದನ್ನು ಅವ್ವನ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಹಸ್ತ ಕಲಿಯುವ ಹುಚ್ಚು ಹುಟ್ಟಿದ್ದು ಆಗಲೇ.

ಪಾಠ ಒಂದಿಷ್ಟು ಬಂದ ಮೇಲೆ ಗುಲ್ಷನ್‌ಬೀಗೆ ಅದನ್ನು ತೋರಿಸಿದಳು. "ಬಲಗೈ ಐತ್ರೀ ಚಾಚಿ. ದುಡಿದು ಮಾಡ್ಕೊಂಡದ್ದು. ಆಕಿ ಸುಖ ಇದ್ಲೇನು, ನೋಡಿ ಹೇಳ್ರೀ."

ಗುಲ್ಷನ್‌ಬೀ ಕುಳ್ಳನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಬಾಯಿಗೆ ಬಂದ ಒಳ್ಳೆಯದನ್ನು ಹೇಳಿಬಿಡಬಹುದಿತ್ತು, ಅಂದು ಯಾಕೋ ಹೇಳಲಿಲ್ಲ. "ಸೆಗಣ್ಯಾಗ ಗೆರಿ ಮೂಡಂಗಿಲ್ಲ ದುರ್ಗವ್ವಾ. ಬೆರಳಷ್ಟ ಮೂಡ್ತಾವ. ಗಂಡ ಹೋದ ಮ್ಯಾಲ ಆಕಿ ನನ್ನ ಮುಂದ ಒಮ್ಮೆನೂ ಬಳೆಗೆ ಕೈ ಚಾಚಲಿಲ್ಲ, ನನಗೂ ಗೊತ್ತಿಲ್ಲ" ಎಂದಳು. ದುರ್ಗಾದೇವಿ ನಂಬಲಿಲ್ಲ. ದಿನವೂ ಬಿಸಿಲಿಗೆ ಹಿಡಿದು ತಿರುಗಿಸಿ ನೋಡುವಳು, ನಡುವೆ ಎಲ್ಲೋ ಒಂದು ಗೆರೆ ಇದ್ದಂತೆ ಕಾಣುವುದು, ಮೋಡ ಬಂದರೆ ಮಾಯ.

ಬಳಗಾನೂರಿಗೆ ಕೊಟ್ಟಿದ್ದ ಮಗಳು ರೂಪಾ ಹೆರಿಗೆಗೆ ಬಂದಳು, ಹೆಣ್ಣು ಕೂಸಾಯಿತು. ಅದೇ ವಾರ ಅಕಾಲದ ಮಳೆ ಹಿಡಿಯಿತು. ಕೊಯ್ಲಿಗೆ ಬಂದ ನೆಲ್ಲು ಮಲಗಿತು, ಊರ ಕುಳ್ಳು ಕಟ್ಟಿಗೆಯೆಲ್ಲ ತೊಯ್ದು ತೊಪ್ಪೆಯಾದವು. ಕೂಸಿಗೆ ನೀರೆರೆದ ಮೇಲೆ ಕೆಂಡಕ್ಕೆ ಲೋಬಾನ ಹಾಕಿ ಹೊಗೆ ಕೊಡಬೇಕು, ಅಂಗೈ ಕಾಸಿ ಹೊಟ್ಟೆಗೆ ಒತ್ತಬೇಕು. ಗ್ಯಾಸಿನ ಉರಿಯಲ್ಲಿ ಕೆಂಡ ಎಲ್ಲಿಂದ ಬರಬೇಕು? ಎರೆದ ಕೂಸು ಸೀನುತ್ತಿತ್ತು, ಹೊಟ್ಟೆ ಮುಟ್ಟಿದರೆ ತಣ್ಣಗಿತ್ತು. ಕೂಸಿಗೆ ಕರಿಬಳೆ ತಂದಿದ್ದ ಗುಲ್ಷನ್‌ಬೀ ಮಳೆಗೆ ಸಿಕ್ಕಿ ಅಲ್ಲೇ ಕೂತಿದ್ದಳು, ನಾನೂ ಇದ್ದೆ.

"ಯವ್ವಾ, ಟ್ರಂಕಿನ್ಯಾಗ ಒಂದು ಐತೆಲ್ಲ..." ಎಂದಳು ರೂಪಾ, ಮೆಲ್ಲಗೆ.

ದುರ್ಗಾದೇವಿ ಟ್ರಂಕು ತೆಗೆದು, ಸೀರೆ ಬಿಚ್ಚಿ, ಆ ಬೆರಳುಗಳ ಮೇಲೆ ತನ್ನ ಬೆರಳುಗಳನ್ನು ಒಮ್ಮೆ ಇಟ್ಟಳು. ಮುರಿಯದೆ ಇಡಿಯಾಗಿಯೇ ಅಗ್ಗಿಷ್ಟಿಕೆಯಲ್ಲಿಟ್ಟು ಬೆಂಕಿ ಹಚ್ಚಿದಳು.

ಕುಳ್ಳು ಆತುರಪಡುವ ವಸ್ತುವಲ್ಲ. ನಿಧಾನಕ್ಕೆ ಅಂಚಿನಿಂದ ಒಳಗೆ ಕೆಂಪೇರಿತು, ಆಕಾರ ಮಾತ್ರ ಕೆಡಲಿಲ್ಲ. ಕೆಂಡದ ಮೇಲೆ ಐದು ಬೆರಳು ಹಾಗೆಯೇ ಇದ್ದವು, ಸೊಟ್ಟ ಕಿರುಬೆರಳೂ. ಲೋಬಾನದ ಹೊಗೆ ಮನೆ ತುಂಬಿತು. ದುರ್ಗಾದೇವಿ ತನ್ನ ಬಲಗೈಯನ್ನು ಆ ಕೈಯ ಮೇಲೆ ಹಿಡಿದು ಕಾಸಿ, ಕೂಸಿನ ಹೊಟ್ಟೆಗೆ ಒತ್ತಿದಳು. ಮತ್ತೆ ಕಾಸಿದಳು, ಮತ್ತೆ ಒತ್ತಿದಳು. ಹಾಗೆ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತಳು, ಕಣ್ಣು ತುಂಬಿದ್ದವು.

"ರೂಪಾ ಹುಟ್ಟಿದಾಗ ಅವ್ವ ಇಲ್ಲೇ, ಹಿಂಗ ಕುಂತಿದ್ಲು. ನಾ ಬಾಣಂತಿ, ಆ ಮೂಲ್ಯಾಗ ಮಲಗಿದ್ದೆ. ಕೈ ಕಾಸ್ತಿದ್ಲು, ಒತ್ತತಿದ್ಲು, ತನ್ನಷ್ಟಕ್ಕ ತಾನ ನಗತಿದ್ಲು. ಉಣ್ಣಾಕ ಕರದ್ರ ಏಳವಲ್ಲಳು. ಇಷ್ಟು ದಿನ ನನಗ ನೆನಪ ಆಗಿದ್ದಿಲ್ಲ."

ಕೂಸು ಸೀನುವುದನ್ನು ಬಿಟ್ಟು ಮುಷ್ಟಿ ಸಡಿಲಿಸಿತು. ಹೊರಗೆ ಮಳೆ ನಡೆದೇ ಇತ್ತು.

"ಚಾಚಿ, ಅವ್ವ ಸುಖ ಇದ್ಲು" ಎಂದಳು ದುರ್ಗಾದೇವಿ.

"ಗೆರಿ ಕಂಡ್ವೇನು?"

"ಇಲ್ರೀ. ಬಿಸಿ ಹತ್ತಿತು" ಎಂದು ಅವಳು ಮತ್ತೆ ಕೈ ಕಾಸತೊಡಗಿದಳು.